ಸ್ಕ್ಯಾನ್ ಮಾಡಿಯೇ ತೆರೆದ ಫೈಲು ಕೈಕೊಟ್ಟಿತು: ಆಂಟಿವೈರಸ್ ಕೈಲಿ ಆಗೋದೆಷ್ಟು, ಆಗದಿರೋದೆಷ್ಟು?

ಲೆಕ್ಕದಪುಸ್ತಕ

ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ನಡೆದದ್ದು. ನಮಗೆ ಸಾಮಾನು ಪೂರೈಸುವವರ ಮೇಲ್ ವಿಳಾಸದಿಂದ ಒಂದು ಮೇಲ್ ಬಂತು. ವಿಳಾಸ ನಕಲಿಯಲ್ಲ, ಅವರದೇ. ಹಳೇ ಮಾತುಕತೆಯ ಕೆಳಗೇ ಉತ್ತರವಾಗಿ ಬಂದಿತ್ತು. ಜೊತೆಗೆ ಒಂದು ಜಿಪ್ ಫೈಲು, ಅದಕ್ಕೊಂದು ಪಾಸ್‌ವರ್ಡ್, ಆ ಪಾಸ್‌ವರ್ಡ್ ಮೇಲ್‌ನಲ್ಲೇ ಬರೆದಿತ್ತು. ನಮ್ಮ ಸಹೋದ್ಯೋಗಿ ಎಚ್ಚರದವರು. ತೆರೆಯುವ ಮುಂಚೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಟ್ಟರು. ಹಸಿರು ಟಿಕ್ ಬಂತು. ಬಿಚ್ಚಿದರೆ ಒಳಗೆ ಪಿಡಿಎಫ್ ಚಿತ್ರವಿದ್ದ ಫೈಲು. ಡಬಲ್ ಕ್ಲಿಕ್ ಮಾಡಿದರೆ ಏನೂ ಆಗಲಿಲ್ಲ. ಕೆಟ್ಟುಹೋದ ಫೈಲಿರಬೇಕು ಅಂದುಕೊಂಡು ಬಿಟ್ಟರು.

ಮಾರನೇ ದಿನ ಅದೇ ಜಿಪ್ ನಮ್ಮವರ ಖಾತೆಯಿಂದ ಸಿಕ್ಕಸಿಕ್ಕವರಿಗೆಲ್ಲ ಹೋಗಿದೆ. ಪಾಸ್‌ವರ್ಡ್ ಬದಲಾಯಿಸಿದೆವು. ಪೂರ್ತಿ ಕಂಪ್ಯೂಟರ್ ಸ್ಕ್ಯಾನ್ ಮಾಡಿದೆವು, ಏನೂ ಸಿಗಲಿಲ್ಲ. ಖಾತೆಗೆ ಓಟಿಪಿ ಕೂಡ ಇತ್ತು!

ನನ್ನ ಪ್ರಶ್ನೆ ನೇರ. ದುಡ್ಡು ಕೊಟ್ಟು ಹಾಕಿಸಿದ, ದಿನಾ ಅಪ್‌ಡೇಟ್ ಆಗುವ ಆಂಟಿವೈರಸ್ ಇದನ್ನು ಯಾಕೆ ಹಿಡಿಯಲಿಲ್ಲ? ಓಟಿಪಿ ಇದ್ದೂ ಹೇಗೆ ಒಳಗೆ ಬಂದರು? ಬೇರೆ ಕಂಪನಿಯದು ಹಾಕಿಸಿದರೆ ಸರಿಹೋಗುತ್ತಾ?

ಬಿಟ್‌ಬೈಟ್

ಆಂಟಿವೈರಸ್ ಅನ್ನೋದೇ ಒಂದು ದಂಧೆ. ಹೆದರಿಸೋರೂ ಅವರೇ, ಔಷಧಿ ಮಾರೋರೂ ಅವರೇ. ತೆಗೆದು ಬಿಸಾಕಿ, ಲಿನಕ್ಸ್ ಹಾಕಿಕೊಳ್ಳಿ. ಮುಗೀತು.

ನೀಲಿಪರದೆ

ಬಿಟ್‌ಬೈಟ್ ಅವರ ಜೊತೆ ಆಮೇಲೆ ಜಗಳ ಆಡೋಣ. ಲೆಕ್ಕದಪುಸ್ತಕ ಅವರೇ, ಮೊದಲು ತುರ್ತಿನ ಕೆಲಸ. ಇಂಥ ಘಟನೆ ಆದಮೇಲೆ ಗುಡಿಸಿ ಒರೆಸುವುದೇ ನನ್ನ ಉದ್ಯೋಗ, ಅದಕ್ಕೇ ಹೇಳ್ತಿದ್ದೀನಿ.

ನೀವು ವಿವರಿಸಿದ ರೀತಿ ನೋಡಿದರೆ ಅದು ಮಾಹಿತಿ ಕದಿಯುವ ಜಾತಿಯದು. ಡಬಲ್ ಕ್ಲಿಕ್ ಮಾಡಿದ ಕ್ಷಣಗಳಲ್ಲೇ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ಕುಕೀಗಳು, ಇನ್ನೂ ಏನೇನಿದೆಯೋ ಎಲ್ಲ ಬಾಚಿ ಕಳಿಸುತ್ತದೆ. ಇವುಗಳಲ್ಲಿ ಎಷ್ಟೋ ಕೆಲಸ ಮುಗಿದಮೇಲೆ ತಮ್ಮನ್ನೇ ಅಳಿಸಿಕೊಂಡು ಹೋಗುತ್ತವೆ. ನೀವು ಮಾರನೇ ದಿನ ಪೂರ್ತಿ ಸ್ಕ್ಯಾನ್ ಮಾಡಿದಾಗ ಹುಡುಕಲು ಅಲ್ಲೇನೂ ಉಳಿದೇ ಇರಲಿಕ್ಕಿಲ್ಲ.

ಓಟಿಪಿ ವಿಷಯ: ಓಟಿಪಿ ಕೇಳುವುದು ಲಾಗಿನ್ ಆಗುವಾಗ ಮಾತ್ರ. ಒಮ್ಮೆ ಒಳಗೆ ಬಿಟ್ಟಮೇಲೆ ಸರ್ವರ್ ನಿಮ್ಮ ಬ್ರೌಸರಿಗೆ ಒಂದು ಕುಕೀ ಕೊಟ್ಟು, ಇನ್ನು ಮುಂದೆ ಇದನ್ನು ತೋರಿಸಿದರೆ ಸಾಕು ಅನ್ನುತ್ತದೆ. ಆ ಕುಕೀ ಕದ್ದವನು ತನ್ನ ಬ್ರೌಸರಿನಲ್ಲಿ ಅದನ್ನು ಹಾಕಿಕೊಂಡರೆ ಸರ್ವರಿನ ಕಣ್ಣಿಗೆ ಅವನೇ ನೀವು. ಪಾಸ್‌ವರ್ಡೂ ಬೇಕಿಲ್ಲ, ಓಟಿಪಿಯೂ ಬೇಕಿಲ್ಲ. ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಆ ಕುಕೀ ಎಲ್ಲ ಕಡೆ ರದ್ದಾಗುತ್ತದೆ ಅಂತಲೂ ಇಲ್ಲ.

ಈಗಲೇ ಮಾಡಿ: ಆ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಕಿತ್ತಿಡಿ. ಬೇರೆ ಕಂಪ್ಯೂಟರಿನಿಂದ ಖಾತೆಯ ಸೆಟ್ಟಿಂಗ್ಸಿಗೆ ಹೋಗಿ "ಎಲ್ಲ ಸಾಧನಗಳಿಂದ ಸೈನ್ ಔಟ್" ಕೊಡಿ. ಆಮೇಲೆ ಪಾಸ್‌ವರ್ಡ್ ಇನ್ನೊಮ್ಮೆ ಬದಲಾಯಿಸಿ. ಸೋಂಕು ತಗಲಿದ ಕಂಪ್ಯೂಟರಿನಲ್ಲೇ ಕೂತು ಬದಲಾಯಿಸಿದ್ದರೆ ಹೊಸದೂ ಅವರ ಕೈಗೆ ಹೋಗಿರಬಹುದು. ನಂತರ ಮೇಲ್‌ನ ರೂಲ್ಸ್ ಪಟ್ಟಿ ನೋಡಿ, ನೀವು ಮಾಡದ ಫಾರ್ವರ್ಡ್ ನಿಯಮ ಇದೆಯಾ ಅಂತ. ಇದನ್ನು ಬಹಳ ಜನ ಮರೆಯುತ್ತಾರೆ. ಆ ಕಂಪ್ಯೂಟರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ. "ಕ್ಲೀನ್ ಮಾಡಿದೆ" ಅಂತ ಯಾವ ಸಾಫ್ಟ್‌ವೇರ್ ಹೇಳಿದರೂ ನಂಬಬೇಡಿ.

ಹಸಿರು ಟಿಕ್ ಯಾಕೆ ಬಂತು ಅಂದರೆ, ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಏನಿದೆ ಅಂತ ಸ್ಕ್ಯಾನರ್ ಓದಲಾರದು. ಅದು ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಗೂಢಲಿಪಿ. ಓದಲಾಗದ್ದನ್ನು "ಓದಲಾಗಲಿಲ್ಲ" ಅಂತ ದೊಡ್ಡದಾಗಿ ತೋರಿಸುವ ಬದಲು ಹಸಿರು ಟಿಕ್ ತೋರಿಸುವುದು ನನ್ನ ಪ್ರಕಾರ ಮೋಸಕ್ಕೆ ಹತ್ತಿರದ ವಿನ್ಯಾಸ. ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದು ಕಳಿಸಿದ್ದು ಗೋಪ್ಯತೆಗಲ್ಲ, ಮಧ್ಯದ ಸ್ಕ್ಯಾನರುಗಳ ಕಣ್ಣಿಗೆ ಮಣ್ಣೆರಚುವುದಕ್ಕೆ.

ಲೆಕ್ಕದಪುಸ್ತಕ

ಧನ್ಯವಾದ. ಸೈನ್ ಔಟ್ ಕೊಟ್ಟೆ. ರೂಲ್ಸ್ ನೋಡಿ ಬರ್ತೀನಿ. ಆದರೆ ಜಿಪ್ ಬಿಚ್ಚಿದಮೇಲೆ ಆದರೂ ಹಿಡಿಯಬೇಕಿತ್ತಲ್ಲ? ಆಗ ಪಾಸ್‌ವರ್ಡ್ ಅಡ್ಡ ಇರಲಿಲ್ಲ.

ಹಳೇಫ್ಲಾಪಿ

ಅದಕ್ಕೆ ಸ್ವಲ್ಪ ಹಳೇ ಕಥೆ ಹೇಳಬೇಕು, ಸಹಿಸಿಕೊಳ್ಳಿ.

1986ರಲ್ಲಿ ಬ್ರೈನ್ ಅನ್ನುವ ವೈರಸ್ ಬಂತು, ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಜಾಗದಲ್ಲಿ ಕೂರುತ್ತಿತ್ತು. ಒಳಗೆ ಅವರ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಬರೆದಿಟ್ಟಿದ್ದರು! ಆ ಕಾಲದ ವೈರಸ್ಸುಗಳೆಲ್ಲ ಸುಮಾರಾಗಿ ಹೀಗೇ: ಒಂದು ಪ್ರತಿ ಸಿಕ್ಕಿದರೆ ಎಲ್ಲ ಪ್ರತಿಗಳೂ ಸಿಕ್ಕ ಹಾಗೆ. ಅದರೊಳಗಿನ ಒಂದು ವಿಶಿಷ್ಟ ಬೈಟ್ ಸಾಲು ಆರಿಸಿಕೊಂಡು, ಎಲ್ಲ ಫೈಲುಗಳಲ್ಲಿ ಆ ಸಾಲು ಇದೆಯಾ ಅಂತ ಹುಡುಕಿದರೆ ಮುಗಿಯಿತು. ಇದೇ ಸಿಗ್ನೇಚರ್. ವೈರಸ್ ಹರಡುವುದೂ ಫ್ಲಾಪಿಯ ವೇಗದಲ್ಲಿ, ಆಂಟಿವೈರಸ್ ಅಪ್‌ಡೇಟ್ ಬರುವುದೂ ಫ್ಲಾಪಿಯಲ್ಲೇ. ಲೆಕ್ಕ ಸಮ ಇತ್ತು.

ಮುಂದೆ ಕ್ಯಾಸ್ಕೇಡ್ ಬಂತು. ಪರದೆಯ ಅಕ್ಷರಗಳೆಲ್ಲ ಉದುರಿ ಕೆಳಗೆ ಗುಡ್ಡೆಯಾಗುತ್ತಿದ್ದವು, ನೋಡಿದವರು ಮರೆಯುವಂತಿಲ್ಲ. ಅದು ತನ್ನ ದೇಹವನ್ನು ಎನ್‌ಕ್ರಿಪ್ಟ್ ಮಾಡಿಕೊಳ್ಳುತ್ತಿತ್ತು, ಆದರೆ ಬಿಚ್ಚುವ ಚಿಕ್ಕ ತುಣುಕು ಮಾತ್ರ ಬದಲಾಗುತ್ತಿರಲಿಲ್ಲ. ಆಂಟಿವೈರಸ್ಸಿನವರು ಆ ತುಣುಕನ್ನೇ ಹಿಡಿದರು. 1990ರ ಹೊತ್ತಿಗೆ 1260 ಅನ್ನುವ ವೈರಸ್ ಆ ತುಣುಕನ್ನೂ ಪ್ರತಿ ಸಲ ಬೇರೆ ಥರ ಬರೆಯತೊಡಗಿತು: ನಡುನಡುವೆ ಕೆಲಸಕ್ಕೆ ಬಾರದ ಸೂಚನೆಗಳನ್ನು ತುರುಕಿ, ಸಾಲುಗಳ ಕ್ರಮ ಬದಲಿಸಿ. ಪಾಲಿಮಾರ್ಫಿಕ್ ಅನ್ನುವುದು ಇದನ್ನೇ. ಹುಡುಕುವುದಕ್ಕೆ ಸ್ಥಿರವಾದ ಸಾಲೇ ಇಲ್ಲ. ಆಗ ಆಂಟಿವೈರಸ್ಸಿನವರು ಒಂದು ನಕಲಿ ಸಿಪಿಯು ಮಾಡಿ, ಅದರೊಳಗೆ ಫೈಲನ್ನು ಸ್ವಲ್ಪ ದೂರ ಓಡಿಸಿ, ತಾನೇ ಬಿಚ್ಚಿಕೊಂಡಮೇಲೆ ನೋಡುವ ಉಪಾಯ ಕಂಡುಕೊಂಡರು.

ಈಗ ಆ ಬದಲಾವಣೆ ಮಾಡುವುದು ವೈರಸ್ ಅಲ್ಲ, ಅದನ್ನು ಹಂಚುವ ಸರ್ವರ್. ಪ್ರತಿ ಡೌನ್‌ಲೋಡಿಗೂ ಹೊಸದಾಗಿ ಪ್ಯಾಕ್ ಮಾಡಿದ ಪ್ರತಿ. ಒಂದೇ ಒಂದು ಬೈಟ್ ಬದಲಾದರೂ ಹ್ಯಾಶ್ (ಫೈಲಿನಿಂದ ಲೆಕ್ಕಹಾಕಿ ತೆಗೆಯುವ ಬೆರಳಚ್ಚಿನಂಥ ಸಂಖ್ಯೆ) ಪೂರ್ತಿ ಬೇರೆ. ನಿಮ್ಮವರಿಗೆ ಬಂದ ಫೈಲು ಜಗತ್ತಿನಲ್ಲಿ ಬೇರೆ ಯಾರಿಗೂ ಬಂದಿರದೇ ಇರಬಹುದು. ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಹೊಸ ಕೆಡುಕು ಹಾಗೂ ಅನಪೇಕ್ಷಿತ ಪ್ರೋಗ್ರಾಮುಗಳನ್ನು ನೋಂದಾಯಿಸುತ್ತೇವೆ ಅನ್ನುತ್ತದೆ. ಅಷ್ಟನ್ನು ಯಾರೂ ಕೂತು ಬರೆಯುತ್ತಿಲ್ಲ. ಬಹುಪಾಲು ಅವೇ ಹಳೇ ಕುಟುಂಬಗಳು, ವೇಷ ಮಾತ್ರ ಹೊಸದು.

ನೀಲಿಪರದೆ

ಇದಕ್ಕೊಂದು ಸೇರಿಸುತ್ತೇನೆ, ಯಾಕಂದರೆ ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸುವುದು ಇದು. ಆಂಟಿವೈರಸ್ ಅಂಗಡಿಯಲ್ಲಿ ಸಿಗುವ ವಸ್ತು. ದಾಳಿ ಮಾಡುವವನಿಗೂ ಸಿಗುತ್ತದೆ. ಅವನು ತನ್ನ ಫೈಲನ್ನು ಹೊರಗೆ ಬಿಡುವ ಮುಂಚೆ ಎಲ್ಲ ಪ್ರಮುಖ ಆಂಟಿವೈರಸ್ಸುಗಳ ಮುಂದೆ ಹಿಡಿದು ನೋಡುತ್ತಾನೆ. ಯಾವುದಾದರೂ ಹಿಡಿದರೆ, ಹಿಡಿಯದ ತನಕ ತಿದ್ದುತ್ತಾನೆ. ಹಾಗಾಗಿ ನಿಮ್ಮ ಇನ್‌ಬಾಕ್ಸಿಗೆ ಬಂದು ಬಿದ್ದ ಫೈಲು ಆ ಪರೀಕ್ಷೆಯಲ್ಲಿ ಆಗಲೇ ಪಾಸಾಗಿ ಬಂದದ್ದು. ಕಂಪನಿ ಬದಲಿಸಿದರೆ ಸರಿಹೋಗುತ್ತಾ ಅಂದಿರಲ್ಲ, ಅದಕ್ಕೆ ಇದೇ ಉತ್ತರ.

ಆ ಫೈಲನ್ನು ಯಾರಾದರೂ ವೈರಸ್‌ಟೋಟಲ್‌ಗೆ, ಅಂದರೆ ಒಂದು ಫೈಲನ್ನು ಹತ್ತಾರು ಆಂಟಿವೈರಸ್ಸುಗಳಿಂದ ಒಟ್ಟಿಗೆ ನೋಡಿಸುವ ಜಾಲತಾಣಕ್ಕೆ ಹಾಕಿ ನೋಡಿದ್ರಾ?

ಲೆಕ್ಕದಪುಸ್ತಕ

ಹೌದು, ಅವತ್ತೇ ಸಂಜೆ ಹಾಕಿದ್ದೆ. ಎಪ್ಪತ್ತು ಚಿಲ್ಲರೆ ಎಂಜಿನ್‌ಗಳಲ್ಲಿ ಎಲ್ಲೋ ಒಂದೆರಡು ಕೆಂಪು, ಅದೂ "ಅನುಮಾನಾಸ್ಪದ" ಅಂತ ಗೊಣಗಿದ ಹಾಗೆ. ಈಗ ನಿಮ್ಮ ಮಾತು ಓದಿ ಮತ್ತೆ ನೋಡಿದೆ. ಅರ್ಧಕ್ಕಿಂತ ಹೆಚ್ಚು ಕೆಂಪಾಗಿವೆ, ನಮ್ಮದೂ ಸೇರಿ. ಊಟ ಮುಗಿದಮೇಲೆ ಎಲೆ ಹಾಕಿದ ಹಾಗೆ!

ತರ್ಕವಕ್ರ

ಇದು ತಡವಾದ ಪ್ರಶ್ನೆ ಮಾತ್ರ ಅಲ್ಲ. ಎಷ್ಟೇ ಬೇಗ, ಎಷ್ಟೇ ಬುದ್ಧಿವಂತ ಆಂಟಿವೈರಸ್ ಮಾಡಿದರೂ ತಪ್ಪಿಲ್ಲದ್ದನ್ನು ಮಾಡಲು ಆಗುವುದೇ ಇಲ್ಲ. ಇದು ಅಭಿಪ್ರಾಯ ಅಲ್ಲ, ಪ್ರಮೇಯ.

ಫ್ರೆಡ್ ಕೋಹೆನ್ ಅಂತ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು. 1983ರ ನವೆಂಬರಿನಲ್ಲಿ ಒಂದು ಸೆಮಿನಾರಿಗಾಗಿ, ಅಲ್ಲಿನ ವ್ಯಾಕ್ಸ್ ಯಂತ್ರದ ಯುನಿಕ್ಸಿನಲ್ಲಿ ಅನುಮತಿ ಪಡೆದೇ ವೈರಸ್ ಪ್ರಯೋಗ ಮಾಡಿದರು. ಐದು ಸಲ ಬಿಟ್ಟರು, ಐದೂ ಸಲ ಒಂದು ಗಂಟೆಯೊಳಗೆ ಇಡೀ ವ್ಯವಸ್ಥೆಯ ಹಕ್ಕುಗಳು ಕೈಗೆ ಬಂದವು. ಒಮ್ಮೆಯಂತೂ ಐದು ನಿಮಿಷಕ್ಕೂ ಮುಂಚೆ. ವೈರಸ್ ಅನ್ನುವ ಹೆಸರನ್ನು ಸೂಚಿಸಿದವರು ಅವರ ಗುರು ಲೆನ್ ಆಡಲ್‌ಮನ್, ಆರ್‌ಎಸ್‌ಎ ಗೂಢಲಿಪಿಯನ್ನು ರೂಪಿಸಿದ ಮೂವರಲ್ಲಿ ಒಬ್ಬರು. ಮುಂದಿನ ವರ್ಷ ಕೋಹೆನ್ ಅದನ್ನು ಪ್ರಬಂಧವಾಗಿ ಮಂಡಿಸಿದರು. ಅದರಲ್ಲೇ ಈ ವಾದ ಇದೆ.

ಒಂದು ಪರಿಪೂರ್ಣ ಶೋಧಕ ಇದೆ ಅಂತ ಇಟ್ಟುಕೊಳ್ಳಿ. ಯಾವ ಪ್ರೋಗ್ರಾಮ್ ಕೊಟ್ಟರೂ "ವೈರಸ್" ಅಥವಾ "ವೈರಸ್ ಅಲ್ಲ" ಅಂತ ತಪ್ಪದೆ ಹೇಳುತ್ತದೆ. ಈಗ ನಾನು ಹೀಗೊಂದು ಪ್ರೋಗ್ರಾಮ್ ಬರೆಯುತ್ತೇನೆ, ಹೆಸರು ವಕ್ರ:

ಶೋಧಕಕ್ಕೆ ವಕ್ರನನ್ನೇ ಕೊಡು.
ಅದು "ವೈರಸ್" ಅಂದರೆ: ಏನೂ ಮಾಡದೆ ಮುಗಿಸು.
ಅದು "ವೈರಸ್ ಅಲ್ಲ" ಅಂದರೆ: ಬೇರೆ ಫೈಲುಗಳಿಗೆ ಹರಡು.

ಶೋಧಕ "ವೈರಸ್" ಅಂದರೆ ವಕ್ರ ಏನೂ ಮಾಡುವುದಿಲ್ಲ, ಅಂದರೆ ಅದು ವೈರಸ್ ಅಲ್ಲ. "ವೈರಸ್ ಅಲ್ಲ" ಅಂದರೆ ಹರಡುತ್ತದೆ, ಅಂದರೆ ವೈರಸ್ಸೇ. ಹೇಗೆ ಹೇಳಿದರೂ ಶೋಧಕ ಸುಳ್ಳಾಯಿತು. ಹಾಗಾದರೆ ಅಂಥ ಶೋಧಕ ಇರಲಾರದು. 1936ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್, ಒಂದು ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೋ ಇಲ್ಲವೋ ಅಂತ ಹೇಳುವ ಸಾರ್ವತ್ರಿಕ ವಿಧಾನ ಇಲ್ಲ ಅಂತ ತೋರಿಸಿದರಲ್ಲ, ಅದೇ ಕುಲದ ವಾದ.

ಲ್ಯಾಬ್_ಮೇಷ್ಟ್ರು

ತರ್ಕವಕ್ರ ಅವರೇ, ಚಂದ ಇದೆ, ಆದರೆ ನನಗೆ ಇದು ಯಾವಾಗಲೂ ಕಣ್ಕಟ್ಟಿನ ಹಾಗೆ ಕಾಣುತ್ತದೆ. ಯಾವ ಕಳ್ಳ ತನ್ನ ವೈರಸ್ಸಿನೊಳಗೆ ಪರಿಪೂರ್ಣ ಶೋಧಕವನ್ನು ಕೂರಿಸಿಕೊಂಡು ಬರುತ್ತಾನೆ? ಇನ್ನೊಂದು: ನಿಜವಾದ ಕಂಪ್ಯೂಟರಿನ ಮೆಮೊರಿಗೆ ಮಿತಿ ಇದೆ. ಟ್ಯೂರಿಂಗ್ ಕಲ್ಪಿಸಿದ ಯಂತ್ರಕ್ಕಿದ್ದ, ಮೆಮೊರಿಯಾಗಿ ಬಳಸುವ ಅನಂತ ಪಟ್ಟಿ ಇಲ್ಲಿಲ್ಲ. ಹಾಗಾಗಿ ನಿರ್ಧರಿಸಲು ಅಸಾಧ್ಯ ಅನ್ನುವುದು ಕಾಗದದ ಮೇಲಿನ ಮಾತು.

ತರ್ಕವಕ್ರ

ಎರಡೂ ಸರಿಯಾದ ಆಕ್ಷೇಪಗಳೇ ಮೇಷ್ಟ್ರೇ.

ಮೆಮೊರಿ ಸೀಮಿತ ಅಂದರೆ ತಾತ್ವಿಕವಾಗಿ ಎಲ್ಲ ಸ್ಥಿತಿಗಳನ್ನೂ ಒಂದೊಂದಾಗಿ ನೋಡಬಹುದು, ನಿಜ. ಆದರೆ ಒಂದು ಕಿಲೋಬೈಟ್ ಮೆಮೊರಿಗೇ 2ರ ಘಾತ 8192 ಸ್ಥಿತಿಗಳು. ಸೂರ್ಯ ಆರಿದರೂ ಸ್ಕ್ಯಾನ್ ಮುಗಿಯದು. ಉದ್ದಕ್ಕೆ ಮಿತಿ ಇರುವ, ರೂಪ ಬದಲಿಸುವ ವೈರಸ್ಸನ್ನು ತಪ್ಪಿಲ್ಲದೆ ಗುರುತಿಸುವುದು ಎನ್‌ಪಿ-ಕಂಪ್ಲೀಟ್ (ವೇಗವಾಗಿ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಕಷ್ಟದ ಲೆಕ್ಕಗಳ ಗುಂಪು) ಅಂತ 2003ರಲ್ಲಿ ಡಿಯೊಮಿಡಿಸ್ ಸ್ಪಿನೆಲಿಸ್ ತೋರಿಸಿದ್ದಾರೆ. ಅಂದರೆ ಮಿತಿ ಹಾಕಿಕೊಂಡರೂ ಕಷ್ಟ ಕಳೆಯುವುದಿಲ್ಲ.

ಮೊದಲನೆಯ ಆಕ್ಷೇಪಕ್ಕೆ: ವಕ್ರನನ್ನು ಯಾರೂ ಬರೆಯುವುದಿಲ್ಲ, ಆದರೆ ವಕ್ರನ ಬುದ್ಧಿಯನ್ನು ಎಲ್ಲರೂ ಬಳಸುತ್ತಾರೆ. ಈಗಿನ ಕೆಡುಕು ಪ್ರೋಗ್ರಾಮುಗಳು ಶುರುವಾದ ತಕ್ಷಣ ಮಾಡುವ ಕೆಲಸ ಏನು? ತನ್ನನ್ನು ಯಾರಾದರೂ ಪರೀಕ್ಷಿಸುತ್ತಿದ್ದಾರಾ ಅಂತ ನೋಡುವುದು. ಸಿಪಿಯುವಿನಲ್ಲಿ ಎಷ್ಟು ಕೋರ್ ಇವೆ, ಮೌಸ್ ಅಲುಗಾಡುತ್ತಿದೆಯಾ, ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಖಾಲಿ ಇದೆಯಾ. ಪರೀಕ್ಷಾ ಯಂತ್ರದ ಹಾಗೆ ಕಂಡರೆ ಸಂಭಾವಿತನ ಹಾಗೆ ಸುಮ್ಮನಿರುತ್ತದೆ. ಇಲ್ಲವೇ ಹತ್ತು ನಿಮಿಷ ನಿದ್ದೆ ಮಾಡುತ್ತದೆ, ಸ್ಕ್ಯಾನರುಗಳು ಸಾಮಾನ್ಯವಾಗಿ ಒಂದು ಫೈಲಿಗೆ ಅಷ್ಟು ಹೊತ್ತು ಕಾಯುವುದಿಲ್ಲ.

ಪ್ರಮೇಯ ಹೇಳುವುದು "ಪರಿಪೂರ್ಣ ಇಲ್ಲ" ಅಂತ ಮಾತ್ರ. "ಪ್ರಯೋಜನ ಇಲ್ಲ" ಅಂತ ಅದು ಎಲ್ಲೂ ಹೇಳಿಲ್ಲ. ಆ ಅಂತರ ನೂರಕ್ಕೆ ಒಂದೋ ಐವತ್ತೋ ಅನ್ನುವುದು ಲೋಕದ ಪ್ರಶ್ನೆ, ಗಣಿತದ್ದಲ್ಲ.

ಬಿಟ್‌ಬೈಟ್

ಐವತ್ತಕ್ಕೇ ಹತ್ತಿರ. 2014ರಲ್ಲಿ ಆಂಟಿವೈರಸ್ ಕಂಪನಿ ಸಿಮ್ಯಾಂಟೆಕ್‌ನ ಉಪಾಧ್ಯಕ್ಷರೇ ಪತ್ರಿಕೆಗೆ ಹೇಳಿದ್ದರು, ಆಂಟಿವೈರಸ್ ಸತ್ತಿದೆ, ದಾಳಿಗಳಲ್ಲಿ ಶೇ. 45ರಷ್ಟನ್ನು ಮಾತ್ರ ಹಿಡಿಯುತ್ತದೆ ಅಂತ. ಮಾರುವವರೇ ಹೇಳಿದಮೇಲೆ ನಾನೇನು ಹೇಳಲಿ.

ನೀಲಿಪರದೆ

ಅವರು ಅದೇ ಉಸಿರಿನಲ್ಲಿ ಬೇರೆ ಸೇವೆಗಳನ್ನು ಮಾರಲು ಹೊರಟಿದ್ದರು ಅನ್ನುವುದನ್ನೂ ಸೇರಿಸಿ. ಮಾರುವವರು ತಮ್ಮ ಹಳೇ ಸರಕನ್ನು ಹಳಿದರೆ ಹೊಸದು ಹಿಂದೆಯೇ ಬರುತ್ತಿದೆ ಅಂತ ಅರ್ಥ.

ಲಿನಕ್ಸ್ ಹಾಕಿದರೆ ಮುಗೀತು ಅನ್ನುವುದಕ್ಕೆ: 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಪ್ರಕರಣ ನಡೆಯಿತಲ್ಲ. ಲಿನಕ್ಸಿನಲ್ಲಿ ಎಲ್ಲರೂ ಬಳಸುವ, ಫೈಲು ಕುಗ್ಗಿಸುವ ಲೈಬ್ರರಿಯೊಳಗೆ, ವರ್ಷಗಟ್ಟಲೆ ನಂಬಿಕೆ ಗಳಿಸಿಕೊಂಡ ಸಹನಿರ್ವಾಹಕನೇ ಹಿಂಬಾಗಿಲು ಇಟ್ಟಿದ್ದ. ಅದನ್ನು ಹಿಡಿದದ್ದು ಯಾವ ಸ್ಕ್ಯಾನರೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಒಳಹೋಗುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ತಲೆ ಕೆಡಿಸಿಕೊಂಡು ಹಿಂದೆ ಬಿದ್ದು ಹುಡುಕಿದರು. ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಸೋಲಾರ್‌ವಿಂಡ್ಸ್ ಕಂಪನಿಯ 2020ರ ಪ್ರಕರಣವೂ ಹೀಗೇ: ಅಧಿಕೃತ ಅಪ್‌ಡೇಟಿನೊಳಗೇ ಹಿಂಬಾಗಿಲು, ಮೇಲೆ ಕಂಪನಿಯದೇ ಡಿಜಿಟಲ್ ಸಹಿ. ಸಹಿ ಇದ್ದದ್ದಕ್ಕೇ ಯಾರೂ ಎರಡನೇ ಸಲ ನೋಡಲಿಲ್ಲ.

ಹಳೇಫ್ಲಾಪಿ

ಫೈಲೇ ಇಲ್ಲದ ವೈರಸ್ಸುಗಳನ್ನು ಮರೆಯಬೇಡಿ. ಎಸ್‌ಕ್ಯೂಎಲ್ ಸ್ಲ್ಯಾಮರ್, 2003ರ ಜನವರಿ 25. ಇಡೀ ಹುಳು (ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಡುವ ಪ್ರೋಗ್ರಾಮ್) 376 ಬೈಟ್. ಈ ಪುಟದಲ್ಲಿ ನಾನು ಬರೆಯುತ್ತಿರುವ ಈ ಉತ್ತರಕ್ಕಿಂತ ಚಿಕ್ಕದು. ಒಂದೇ ಪ್ಯಾಕೆಟ್‌ನಲ್ಲಿ ಬಂದು ಮೆಮೊರಿಯಲ್ಲಿ ಕೂತು ಅಲ್ಲಿಂದಲೇ ಮುಂದಕ್ಕೆ ಹಾರುತ್ತಿತ್ತು, ಡಿಸ್ಕನ್ನು ಮುಟ್ಟುತ್ತಲೇ ಇರಲಿಲ್ಲ. ಶುರುವಿನಲ್ಲಿ ಎಂಟೂವರೆ ಸೆಕೆಂಡಿಗೆ ದುಪ್ಪಟ್ಟಾಗುತ್ತಿತ್ತು. ಸೋಂಕು ತಗಲಬಹುದಾದ ಯಂತ್ರಗಳಲ್ಲಿ ಬಹುಪಾಲು ಹತ್ತು ನಿಮಿಷದಲ್ಲಿ ಅದರ ಪಾಲಾದವು. ಡಿಸ್ಕಿನ ಫೈಲು ಹುಡುಕುವ ಸ್ಕ್ಯಾನರಿಗೆ ಹುಡುಕಲು ಫೈಲೇ ಇಲ್ಲ. ಯಾರಾದರೂ ಸಿಗ್ನೇಚರ್ ಬರೆಯುವ ಹೊತ್ತಿಗೆ ಆಟ ಮುಗಿದಿತ್ತು.

ಆದರೆ ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ತೇಪೆ ಕೊಟ್ಟಿತ್ತು. 2017ರ ಮೇ 12ರಂದು ಹರಡಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವಾನಾಕ್ರೈ ಹುಳುವಿಗೂ ಅಷ್ಟೇ, ತೇಪೆ ಮಾರ್ಚಿನಲ್ಲೇ ಬಂದಿತ್ತು. ಅಪ್‌ಡೇಟ್ ಮುಂದೂಡುತ್ತಾ ಆಂಟಿವೈರಸ್ ನವೀಕರಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಲ್ಯಾಬ್_ಮೇಷ್ಟ್ರು

ನನಗೆ ತಲೆನೋವು ಉಲ್ಟಾ ದಿಕ್ಕಿನದು. ನಮ್ಮ ಲ್ಯಾಬಿನಲ್ಲಿ ಹುಡುಗರು ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿದರೆ ಆಂಟಿವೈರಸ್ ಅದನ್ನೇ ಟ್ರೋಜನ್ (ಒಳ್ಳೆಯದರ ವೇಷದಲ್ಲಿ ಬರುವ ಕೆಡುಕು ಪ್ರೋಗ್ರಾಮ್) ಅಂತ ಎತ್ತಿಕೊಂಡು ಹೋಗುತ್ತದೆ. ನಿಜವಾದ ಕಳ್ಳನಿಗೆ ಹಸಿರು ಟಿಕ್, "ನಮಸ್ಕಾರ ಜಗತ್ತೇ" ಅಂತ ಮುದ್ರಿಸುವ ಪ್ರೋಗ್ರಾಮಿಗೆ ಜೈಲು. ಹುಡುಗರು ಮೊದಲು ಕಲಿಯುವ ಪಾಠ ಆಂಟಿವೈರಸ್ ಆಫ್ ಮಾಡುವುದು ಹೇಗೆ ಅಂತ!

ತರ್ಕವಕ್ರ

ಅದೇ ಪ್ರಮೇಯದ ಇನ್ನೊಂದು ಮುಖ. ಎರಡು ಥರದ ತಪ್ಪುಗಳಿವೆ, ಒಂದನ್ನು ಒತ್ತಿದರೆ ಇನ್ನೊಂದು ಉಬ್ಬುತ್ತದೆ. ಲೆಕ್ಕ ಹಾಕಿ ನೋಡಿ: ಹತ್ತು ಲಕ್ಷ ಫೈಲುಗಳಿವೆ, ಅದರಲ್ಲಿ ಕೆಟ್ಟವು ಹತ್ತು ಅಂತ ಇಟ್ಟುಕೊಳ್ಳಿ. ಒಳ್ಳೆಯ ಫೈಲುಗಳಲ್ಲಿ ಸಾವಿರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುವ ಶೋಧಕ ಇದೆ. ಕೇಳಲು ಭಾರೀ ಚೆನ್ನಾಗಿದೆ. ಆದರೆ ಅದು ಎತ್ತುವ ಕೂಗಿನಲ್ಲಿ ಹತ್ತಿರಹತ್ತಿರ ಸಾವಿರ ಸುಳ್ಳು, ನಿಜ ಹೆಚ್ಚೆಂದರೆ ಹತ್ತು. ಯಾರೂ ಅಂಥದ್ದನ್ನು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಕಂಪನಿಗಳು ಸುಳ್ಳು ಕೂಗು ಬಹಳ ಬಹಳ ಕಡಿಮೆ ಇರುವ ಹಾಗೆ ಹದ ಮಾಡುತ್ತವೆ. ಅದರ ಬೆಲೆಯಾಗಿ ಅನುಮಾನ ಇದ್ದೂ ಗ್ಯಾರಂಟಿ ಇಲ್ಲದ ಫೈಲು ಒಳಗೆ ಹೋಗುತ್ತದೆ. ಲೆಕ್ಕದಪುಸ್ತಕ ಅವರ ಫೈಲು ಹೋದ ಹಾಗೆ.

ಸುಳ್ಳು ಕೂಗು ಎಷ್ಟು ದುಬಾರಿ ಅನ್ನುವುದಕ್ಕೆ 2010ರ ಏಪ್ರಿಲ್ 21 ಸಾಕ್ಷಿ. ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಅನ್ನುವ ಮೂಲ ಫೈಲನ್ನೇ ವೈರಸ್ ಅಂದಿತು. ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ನೆಟ್‌ವರ್ಕ್ ಕಳೆದುಕೊಂಡವು.

ಬಿಟ್‌ಬೈಟ್

2024ರ ಜುಲೈ 19ನ್ನು ಬಿಟ್ಟಿರಲ್ಲ. ಕ್ರೌಡ್‌ಸ್ಟ್ರೈಕ್ ಅನ್ನುವ ರಕ್ಷಣಾ ಸಾಫ್ಟ್‌ವೇರ್ ಕಂಪನಿಯ ಅಪ್‌ಡೇಟಿನಲ್ಲಿ ಒಂದು ಫೈಲು ಎಡವಿ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ. ವಿಮಾನ ನಿಂತವು. ಯಾವ ವೈರಸ್ ಅಷ್ಟು ಚೊಕ್ಕವಾಗಿ ಮಾಡಿದೆ ಹೇಳಿ?

ನೀಲಿಪರದೆ

ಇದನ್ನು ಮಾತ್ರ ಒಪ್ಪುತ್ತೇನೆ, ನನ್ನ ಹೆಸರಿಗೂ ಹೊಂದುತ್ತದೆ. ರಕ್ಷಣಾ ಸಾಫ್ಟ್‌ವೇರ್ ವ್ಯವಸ್ಥೆಯ ಅತ್ಯಂತ ಒಳಗೆ, ಕರ್ನಲ್‌ನಲ್ಲಿ ಕೂರುತ್ತದೆ. ಅದು ಬಿದ್ದರೆ ಎಲ್ಲ ಬೀಳುತ್ತದೆ. ಇದಕ್ಕಿಂತ ನನಗೆ ಹೆದರಿಕೆಯ ವಿಷಯ ಇನ್ನೊಂದು: ಆಂಟಿವೈರಸ್ಸಿನ ಕೆಲಸವೇ ಜಗತ್ತಿನ ಎಲ್ಲ ಕೊಳಕು ಫೈಲುಗಳನ್ನು ಬಿಚ್ಚಿ ಓದುವುದು. ಅಷ್ಟೊಂದು ಬಗೆಯ ಫೈಲು ಓದುವ ಕೋಡಿನಲ್ಲಿ ತಪ್ಪಿಲ್ಲದೆ ಇರುತ್ತದೆಯೇ? ಸಾಫ್ಟ್‌ವೇರ್ ತೂತು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಟ್ಯಾವಿಸ್ ಆರ್ಮಂಡಿ 2016ರಲ್ಲಿ ಸಿಮ್ಯಾಂಟೆಕ್ ಉತ್ಪನ್ನಗಳಲ್ಲಿ ಇಂಥ ತೂತುಗಳನ್ನು ತೋರಿಸಿದರು. ಫೈಲನ್ನು ನೀವು ತೆರೆಯಬೇಕಾಗಿಯೇ ಇರಲಿಲ್ಲ, ಮೇಲ್ ಬಂದು ಸ್ಕ್ಯಾನ್ ಆದರೆ ಸಾಕಿತ್ತು. ಮರುವರ್ಷ ಮೈಕ್ರೋಸಾಫ್ಟ್‌ನ ಎಂಜಿನ್‌ನಲ್ಲೂ ಅದೇ ಥರದ್ದು ಸಿಕ್ಕಿತು.

ಲೆಕ್ಕದಪುಸ್ತಕ

ರೂಲ್ಸ್ ನೋಡಿ ಬಂದೆ. ಬೆಚ್ಚಿಬಿದ್ದೆ. ಯಾರೂ ಮಾಡದ ಒಂದು ನಿಯಮ ಇತ್ತು, ಅದರ ಹೆಸರು ಬರೀ ಒಂದು ಚುಕ್ಕಿ. "ಇನ್‌ವಾಯ್ಸ್" ಅಥವಾ "ಪೇಮೆಂಟ್" ಅನ್ನುವ ಪದ ಇರುವ ಮೇಲ್ ಬಂದರೆ ಓದಿದೆ ಅಂತ ಗುರುತು ಹಾಕಿ ಆರ್‌ಎಸ್‌ಎಸ್ ಫೀಡ್ಸ್ (ಜಾಲತಾಣಗಳ ಹೊಸ ಬರಹ ಬಂದು ಬೀಳುವ) ಫೋಲ್ಡರಿಗೆ ಸರಿಸು ಅಂತ. ಆ ಫೋಲ್ಡರನ್ನು ನಮ್ಮಲ್ಲಿ ಯಾರೂ ಜನ್ಮದಲ್ಲಿ ತೆರೆದಿಲ್ಲ. ಒಳಗೆ ನೋಡಿದರೆ "ನಿಮ್ಮ ಹೊಸ ಖಾತೆ ಸಂಖ್ಯೆ ಖಚಿತಪಡಿಸಿ" ಅಂತ ಒಬ್ಬ ಗ್ರಾಹಕರು ಕೇಳಿದ ಮೇಲ್ ಕೂತಿದೆ. ನಾವು ಯಾವ ಹೊಸ ಖಾತೆಯನ್ನೂ ಕೊಟ್ಟಿಲ್ಲ!!

ನೀಲಿಪರದೆ

ಆ ಗ್ರಾಹಕರಿಗೆ ಈಗಲೇ ಫೋನ್ ಮಾಡಿ. ಮೇಲ್ ಬೇಡ, ಫೋನ್. ನಿಮ್ಮಲ್ಲಿ ಮೊದಲಿನಿಂದ ಬರೆದಿಟ್ಟಿರುವ ನಂಬರಿಗೆ, ಆ ಮೇಲ್‌ನಲ್ಲಿರುವ ನಂಬರಿಗಲ್ಲ. ನಿಯಮ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ, ದೂರು ಕೊಡುವಾಗ ಬೇಕಾಗುತ್ತದೆ.

ಲೆಕ್ಕದಪುಸ್ತಕ

ಮಾತಾಡಿದೆ. ದುಡ್ಡು ಕಳಿಸಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಉಸಿರು ಬಂತು.

ಸರಿ, ಈಗ ಹೇಳಿ. ಆಂಟಿವೈರಸ್ ಕೈಲಿ ಆಗುವುದಿಲ್ಲ ಅಂತ ನೀವೆಲ್ಲ ಸೇರಿ ಮನದಟ್ಟು ಮಾಡಿಸಿದಿರಿ. ಹಾಗಾದರೆ ನಾವು ಮಾಡಬೇಕಾದ್ದೇನು? ಮುಂದಿನ ತಿಂಗಳು ಪರವಾನಗಿ ನವೀಕರಣ ಬೇರೆ ಬರುತ್ತಿದೆ.

ಲ್ಯಾಬ್_ಮೇಷ್ಟ್ರು

ನಮ್ಮ ಲ್ಯಾಬಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಖರ್ಚಿಲ್ಲದ್ದು. ಯಾರಿಗೂ ಅಡ್ಮಿನ್ ಖಾತೆ ಇಲ್ಲ, ಎಲ್ಲರಿಗೂ ಸಾಮಾನ್ಯ ಖಾತೆ. ವಿಂಡೋಸಿನಲ್ಲಿ ಫೈಲಿನ ಹೆಸರಿನ ಕೊನೆಯ ತುಣುಕು, ಅಂದರೆ ಅದು ಯಾವ ಬಗೆಯ ಫೈಲು ಅಂತ ಹೇಳುವ ಎಕ್ಸ್‌ಟೆನ್ಶನ್ ಅಡಗಿಸುವ ಸೆಟ್ಟಿಂಗ್ ಇರುತ್ತದಲ್ಲ, ಅದನ್ನು ತೆಗೆದೆವು. 2000ದ ಮೇ ತಿಂಗಳಿನ ಲವ್ ಲೆಟರ್ ಹುಳು ಹರಡಿದ್ದರಲ್ಲಿ ಆ ಸೆಟ್ಟಿಂಗಿನ ಪಾಲೂ ಇದೆ: ಹೆಸರಿನ ಕೊನೆಯಲ್ಲಿ ಟಿಎಕ್ಸ್‌ಟಿ, ಅದರ ನಂತರ ವಿಬಿಎಸ್, ಅಂದರೆ ಓಡುವ ಪ್ರೋಗ್ರಾಮ್. ಕೊನೆಯದು ಅಡಗಿದ್ದರಿಂದ ಜನಕ್ಕೆ ಬರೀ ಅಕ್ಷರದ ಕಡತದ ಹಾಗೆ ಕಂಡಿತು. ನಿಮ್ಮವರ ಪಿಡಿಎಫ್ ಚಿತ್ರದ ಫೈಲೂ ಅದೇ ಆಟ. ಚಿತ್ರ ಯಾರು ಬೇಕಾದರೂ ಅಂಟಿಸಬಹುದು.

ಹುಡುಗರ ಫೋಲ್ಡರಿನಿಂದ ಯಾವ ಪ್ರೋಗ್ರಾಮೂ ಓಡದ ಹಾಗೆ ನಿಯಮವನ್ನೂ ಹಾಕಿದ್ದೇವೆ, ಸಿ ಲ್ಯಾಬಿಗೆ ಮಾತ್ರ ಒಂದು ಫೋಲ್ಡರ್ ಬಿಟ್ಟುಕೊಟ್ಟು.

ತರ್ಕವಕ್ರ

ಮೇಷ್ಟ್ರು ಹೇಳಿದ ಕೊನೆಯದೇ ಸರಿಯಾದ ದಾರಿ, ಮತ್ತು ಅದು ಪ್ರಮೇಯವನ್ನು ಪಕ್ಕಕ್ಕೆ ತಳ್ಳುವ ದಾರಿ. "ಇದು ಕೆಟ್ಟದ್ದೇ?" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. "ಇದು ನಾನು ಒಪ್ಪಿದ ಪಟ್ಟಿಯಲ್ಲಿ ಇದೆಯೇ?" ಅನ್ನುವುದಕ್ಕೆ ಇದೆ. ಲೆಕ್ಕಪತ್ರ ವಿಭಾಗಕ್ಕೆ ಬೇಕಾದ ಪ್ರೋಗ್ರಾಮುಗಳು ಬೆರಳೆಣಿಕೆಯವು. ಡೌನ್‌ಲೋಡ್ಸ್ ಫೋಲ್ಡರಿನಿಂದ ಹೊಸ ಪ್ರೋಗ್ರಾಮ್ ಓಡಬೇಕಾದ ದಿನ ಅಲ್ಲಿ ಬರುವುದೇ ಅಪರೂಪ.

ನೀಲಿಪರದೆ

ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಪಟ್ಟಿಯಲ್ಲಿ ಇರುವ ಪ್ರೋಗ್ರಾಮುಗಳನ್ನೇ ಬಳಸಿ ಕೆಡಿಸುವುದು ಈಗಿನ ರೂಢಿ. ಆದೇಶ ಬರೆದು ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಪವರ್‌ಶೆಲ್ ಮೈಕ್ರೋಸಾಫ್ಟ್‌ನದೇ. ಇತ್ತೀಚೆಗೆ ಜೋರಾಗಿರುವ ಒಂದು ತಂತ್ರ ನೋಡಿ: ಜಾಲತಾಣದಲ್ಲಿ "ನೀವು ಮನುಷ್ಯರೆಂದು ಖಚಿತಪಡಿಸಿ" ಅಂತ ಪೆಟ್ಟಿಗೆ ಬರುತ್ತದೆ. ಕ್ಲಿಕ್ ಮಾಡಿದರೆ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಅನ್ನುತ್ತದೆ. ಆ ಪುಟ ನಿಮಗೆ ತಿಳಿಯದ ಹಾಗೆ ಕ್ಲಿಪ್‌ಬೋರ್ಡಿಗೆ ಒಂದು ಪವರ್‌ಶೆಲ್ ಆದೇಶ ತುಂಬಿರುತ್ತದೆ. ಓಡಿಸಿದವರು ನೀವೇ, ನಿಮ್ಮದೇ ಕೈಯಿಂದ, ಕಂಪ್ಯೂಟರಿನ ಸ್ವಂತ ಉಪಕರಣದಿಂದ. ಇಂಥದ್ದನ್ನು ಫೈಲು ಹುಡುಕಿ ಹಿಡಿಯಲಾಗುವುದಿಲ್ಲ. ನಡತೆ ನೋಡಿ ಹಿಡಿಯುವ ಉತ್ಪನ್ನಗಳು ಒಮ್ಮೊಮ್ಮೆ ಹಿಡಿಯುತ್ತವೆ. ಆದರೆ ನಡತೆ ನೋಡಬೇಕಾದರೆ ಅದು ಏನಾದರೂ ಮಾಡಬೇಕಲ್ಲ? ಫೈಲುಗಳನ್ನು ಸಾಲಾಗಿ ಎನ್‌ಕ್ರಿಪ್ಟ್ ಮಾಡುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಒಂದಷ್ಟು ಹೋಗಿರುತ್ತವೆ.

ಹಾಗಾಗಿ ನವೀಕರಣದ ಪ್ರಶ್ನೆಗೆ ನನ್ನ ಉತ್ತರ: ವಿಂಡೋಸ್ 8ರಿಂದ ಮೈಕ್ರೋಸಾಫ್ಟ್‌ನದೇ ಆಂಟಿವೈರಸ್ ಡಿಫೆಂಡರ್ ಜೊತೆಗೇ ಬರುತ್ತದೆ, ಹಳೇ ಪರಿಚಿತ ಕಸವನ್ನು ಗುಡಿಸಲು ಅದು ಸಾಕು. ಅದನ್ನು ಆಫ್ ಮಾಡಬೇಡಿ. ಬಿಟ್‌ಬೈಟ್ ಅವರ ಮಾತು ಕೇಳಿ ಎಲ್ಲ ಬಿಸಾಕಿದರೆ ಹತ್ತು ವರ್ಷ ಹಿಂದಿನ ಹುಳವೂ ಬಂದು ಕೂರುತ್ತದೆ. ಪರವಾನಗಿಯ ದುಡ್ಡನ್ನು ಬ್ಯಾಕಪ್‌ಗೆ ಹಾಕಿ. ಅದರಲ್ಲಿ ಒಂದು ಪ್ರತಿಯಾದರೂ ಕಂಪ್ಯೂಟರಿನಿಂದ ಕಿತ್ತು ಬೇರೆ ಇಟ್ಟಿರಬೇಕು, ಯಾವಾಗಲೂ ಸಿಕ್ಕಿಸಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಮ್) ಮೊದಲು ತಿನ್ನುತ್ತದೆ. ಬ್ಯಾಕಪ್ಪಿನಿಂದ ಒಂದು ಫೋಲ್ಡರನ್ನು ನಿಜವಾಗಿ ವಾಪಸ್ ತಂದು ನೋಡಿ. ಎಷ್ಟೋ ಕಡೆ ಬ್ಯಾಕಪ್ ವರ್ಷಗಟ್ಟಲೆ ನಡೆದಿರುತ್ತದೆ, ವಾಪಸ್ ಬರುವುದು ಮಾತ್ರ ಇಲ್ಲ. ಖಾತೆ ಸಂಖ್ಯೆ ಬದಲಾವಣೆ ಮೇಲ್‌ನಲ್ಲಿ ಬಂದರೆ ಫೋನಿನಲ್ಲಿ ಕೇಳದೆ ದುಡ್ಡು ಹಾಕಬಾರದು ಅನ್ನುವ ನಿಯಮ ಮಾಡಿ. ಅದಕ್ಕೆ ಸಾಫ್ಟ್‌ವೇರೇ ಬೇಡ.

ಬಿಟ್‌ಬೈಟ್

ಡಿಫೆಂಡರ್ ಸಾಕು ಅಂದರೆ ನಾನು ಹೇಳಿದ್ದೇ ಆಯಿತಲ್ಲ, ದುಡ್ಡು ಕೊಡಬೇಡಿ ಅಂತ. ಫೋನಿನಲ್ಲಿ ಹಾಕಿಸುವ ಆಂಟಿವೈರಸ್ ಆಪ್‌ಗಳ ಬಗ್ಗೆಯೂ ಯಾರಾದರೂ ಹೇಳಿ, ನಮ್ಮ ಮನೆಯವರು ದಿನಾ ಸ್ಕ್ಯಾನ್ ಒತ್ತುತ್ತಾರೆ.

ಹಳೇಫ್ಲಾಪಿ

ಆಂಡ್ರಾಯ್ಡಿನಲ್ಲಿ ಒಂದು ಆಪ್ ಇನ್ನೊಂದರ ಒಳಗೆ ಇಣುಕುವಂತಿಲ್ಲ. ಆ ಬೇಲಿ ಆಂಟಿವೈರಸ್ ಆಪ್‌ಗೂ ಇದೆ. ಅದು ನೋಡಬಲ್ಲದ್ದು ಇನ್‌ಸ್ಟಾಲ್ ಆದ ಆಪ್‌ಗಳ ಹೆಸರು, ಅವುಗಳ ಎಪಿಕೆ (ಇನ್‌ಸ್ಟಾಲ್ ಮಾಡುವ) ಫೈಲು, ಹೀಗೆ ಹೊರಹೊರಗಿನದು. ಓಡುತ್ತಿರುವ ಆಪ್ ಏನು ಮಾಡುತ್ತಿದೆ ಅಂತ ಅದಕ್ಕೆ ಕಾಣದು. ದಿನಾ ಸ್ಕ್ಯಾನ್ ಒತ್ತುವ ಬದಲು ಆಕ್ಸೆಸಿಬಿಲಿಟಿ ಅನುಮತಿ (ಪರದೆ ಓದಿ, ನಿಮ್ಮ ಪರವಾಗಿ ಒತ್ತಲು ಬಿಡುವ ಅನುಮತಿ) ಯಾವ್ಯಾವ ಆಪ್‌ಗೆ ಕೊಟ್ಟಿದೆ ಅಂತ ಒಮ್ಮೆ ನೋಡಲು ಹೇಳಿ. ಬ್ಯಾಂಕಿನ ದುಡ್ಡು ಹೊಡೆಯುವ ಆಪ್‌ಗಳು ಗೋಗರೆದು ಕೇಳುವುದು ಅದನ್ನೇ.

ಲೆಕ್ಕದಪುಸ್ತಕ

ಕಂಪ್ಯೂಟರ್ ಫಾರ್ಮ್ಯಾಟ್‌ಗೆ ಕೊಟ್ಟೆ. ಕೊನೆಯದೊಂದು: ಇನ್ನು ಮುಂದೆ ಅನುಮಾನ ಬಂದ ಎಲ್ಲ ಅಟ್ಯಾಚ್‌ಮೆಂಟನ್ನೂ ವೈರಸ್‌ಟೋಟಲ್‌ಗೆ ಹಾಕಿ ನೋಡಿ ಅಂತ ಕಚೇರಿಯಲ್ಲಿ ಸುತ್ತೋಲೆ ಕಳಿಸಬಹುದಾ?

ನೀಲಿಪರದೆ

ಬೇಡ. ಅಲ್ಲಿ ಹಾಕಿದ ಫೈಲನ್ನು ದುಡ್ಡು ಕೊಟ್ಟ ಚಂದಾದಾರರು ಡೌನ್‌ಲೋಡ್ ಮಾಡಿಕೊಳ್ಳಬಹುದು. ವೈರಸ್ ಅಂತ ಅನುಮಾನಿಸಿ ಹಾಕಿದ್ದು ನಿಜವಾದ ಸಂಬಳದ ಪಟ್ಟಿಯಾಗಿದ್ದರೆ ಅದನ್ನು ನೀವೇ ಹಂಚಿದ ಹಾಗೆ. ಫೈಲಿನ ಹ್ಯಾಶ್ ಮಾತ್ರ ತೆಗೆದು ಅಲ್ಲಿನ ಹುಡುಕುವ ಜಾಗದಲ್ಲಿ ಹಾಕಲಿ. ಬೇರೆ ಯಾರಿಗಾದರೂ ಅದೇ ಫೈಲು ಬಂದಿದ್ದರೆ ಫಲಿತಾಂಶ ಬರುತ್ತದೆ. "ಸಿಗಲಿಲ್ಲ" ಅಂತ ಬಂದರೆ ತೆರೆಯದೆ, ಕಳಿಸಿದವರಿಗೆ ಫೋನ್ ಮಾಡಲಿ.